ಕಂಡಕ್ಟರಿಲ್ಲದ ಊರು

ಜನವರಿ 6, ಸೋಮವಾರ

ಹೆಂಡತಿಯ ಆಸ್ಪತ್ರೆಯವರು ಹೊಸ ವರ್ಷಕ್ಕೆಂದು ನರ್ಸುಗಳಿಗೆಲ್ಲ ಒಂದೊಂದು ಡೈರಿ ಹಂಚಿದ್ದಾರೆ. ಅವಳಿಗೆ ಬರೆಯಲು ಪುರುಸೊತ್ತಿಲ್ಲ. ನನಗೆ ಪುರುಸೊತ್ತು ಬಿಟ್ಟರೆ ಬೇರೇನೂ ಇಲ್ಲ. ಹದಿನಾರು ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ಇದು, ಟ್ರಿಪ್ಪಿಗೊಮ್ಮೆ ಏನಾದರೂ ಗೀಚದಿದ್ದರೆ ತುರಿಸುತ್ತದೆ. ಹೀಗಾಗಿ ಈ ಪರದೇಶದ ಮೇಲಿನ ನನ್ನ ದೂರುಗಳನ್ನೆಲ್ಲ ಇನ್ನು ಇಲ್ಲಿ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಬಾಯಲ್ಲಿ ಹೇಳಿದರೆ ಹೆಂಡತಿ, "ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತೆ" ಎಂದು ಎದ್ದು ಹೋಗುತ್ತಾಳೆ.

ಮೊದಲ ದೂರು ಬಸ್ಸಿನದು. ಇಲ್ಲಿನ ಬಸ್ಸಿಗೆ ಕಂಡಕ್ಟರೇ ಇಲ್ಲ. ಜನ ಹತ್ತುತ್ತಾರೆ, ಒಂದು ಪೆಟ್ಟಿಗೆಗೆ ಕಾರ್ಡು ತೋರಿಸುತ್ತಾರೆ, ಅದು ಕುಂಯ್ ಎನ್ನುತ್ತದೆ. ಮುಂದಿನ ಸ್ಟಾಪಿನ ಹೆಸರನ್ನು ಕಾಣದ ಹೆಂಗಸೊಬ್ಬಳು ಮೇಲಿನಿಂದ ಹೇಳುತ್ತಾಳೆ. ಒಳಗೆ ಸರೀರಿ ಎನ್ನುವವರಿಲ್ಲ, ಚಿಲ್ಲರೆ ಕೊಡಿ ಎನ್ನುವವರಿಲ್ಲ, ಜಗಳವಿಲ್ಲ. ಇದನ್ನು ಪ್ರಯಾಣ ಎನ್ನುತ್ತಾರಂತೆ. ಹೆಣ ಸಾಗಿಸುವಾಗಲೂ ನಮ್ಮಲ್ಲಿ ಇದಕ್ಕಿಂತ ಹೆಚ್ಚು ಮಾತುಕತೆ ಇರುತ್ತದೆ.

ಮಾರ್ಚ್ ಕೊನೆಗೆ ನನ್ನ ಸಂಬಳವಿಲ್ಲದ ಒಂದು ವರ್ಷದ ರಜೆ ಮುಗಿಯುತ್ತದೆ. ಏಪ್ರಿಲ್ ಒಂದಕ್ಕೆ ಡಿಪೋದಲ್ಲಿ ಹಾಜರಿಲ್ಲದಿದ್ದರೆ ಪರ್ಮನೆಂಟ್ ನೌಕರಿ ಹೋದ ಹಾಗೆ. ನಮಗಿಂತ ಒಂದು ವರ್ಷ ಮೊದಲೇ ಇಲ್ಲಿಗೆ ಬಂದ ಹೆಂಡತಿಯದು ಟೆಂಪರರಿ, ಅವಳ ಕರಾರೂ ಮಾರ್ಚ್ ಕೊನೆಗೇ ಮುಗಿಯುತ್ತದೆ. ಅವಳೂ ಮಗಳೂ ನಾನೂ ಒಟ್ಟಿಗೆ ಗಂಟುಮೂಟೆ ಕಟ್ಟಿದರಾಯಿತು. ದೇವರು ದೊಡ್ಡವನು.

ಜನವರಿ 9, ಗುರುವಾರ

ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಆರೇಳು ಜನ, ಕೋಟು ಹಾಕಿದ ದೊಡ್ಡ ಮನುಷ್ಯರು, ದೀಪ ಹಸಿರಾಗಲೆಂದು ಕೈಕಟ್ಟಿ ನಿಂತಿದ್ದರು. ನಾನು ದಾಟಿದೆ. ಅವರೆಲ್ಲ ನನ್ನನ್ನು ದೇವಸ್ಥಾನಕ್ಕೆ ಚಪ್ಪಲಿ ಹಾಕಿಕೊಂಡು ನುಗ್ಗಿದವನಂತೆ ನೋಡಿದರು.

ಮನೆಗೆ ಬಂದರೆ ಕೆಳಮನೆ ಮುದುಕ ಬಾಗಿಲಲ್ಲಿ. ನಮ್ಮ ಮಹಡಿಯ ಕೆಳಗೆ ಒಬ್ಬನೇ ಇದ್ದಾನೆ. ನಾನು ಮನೆಯೊಳಗೆ ಜೋರಾಗಿ ನಡೆಯುತ್ತೇನಂತೆ, ಅದನ್ನು ಹೇಳಲು ಬಂದಿದ್ದಾನೆ. ನಡೆಯದೆ ಹಾರಲೇ ಎಂದು ಕೇಳಬೇಕೆಂದಿದ್ದೆ. ಇಲ್ಲಿನ ಭಾಷೆ ಕೇಳಿದರೆ ಅರ್ಥವಾಗುತ್ತದೆ, ನನ್ನ ಬಾಯಿಗೆ ಬರುವುದು ಮಾತ್ರ ನಾಲ್ಕೇ ಮಾತು, ಅವುಗಳಲ್ಲಿ ಮೂರು ಕ್ಷಮೆ ಕೇಳುವಂಥವು. ಅದರಲ್ಲೊಂದನ್ನು ಕೊಟ್ಟು ಕಳಿಸಿದೆ.

ಜನವರಿ 19, ಭಾನುವಾರ

ಈ ಭಾನುವಾರವೂ ಹೆಂಡತಿಗೆ ಡ್ಯೂಟಿ. ಮಗಳಿಗೆ ಅಮ್ಮ ಸಿಗುವುದು ನಿದ್ದೆ ಮಾಡುವಾಗ ಮಾತ್ರ. "ಅಮ್ಮನಿಗೆ ಭಾನುವಾರ ಯಾಕೆ ರಜೆ ಕೊಡಲ್ಲ?" ಎಂದು ಕೇಳಿತು ಮಗು.

"ಯಾರೂ ಹೋಗಿ ಕೇಳಿಲ್ಲ ಪುಟ್ಟಿ. ಕೇಳ್ದೇ ಇದ್ರೆ ಅಮ್ಮನೂ ಹಾಲು ಕುಡಿಸಲ್ಲ."

ಹೇಳಿದ ಮೇಲೆ ನನಗೇ ಹೊಳೆಯಿತು. ಮಗಳು ಕೂಸಾಗಿದ್ದಾಗ ನನ್ನನ್ನು ರಾತ್ರಿ ಹೊರಗೇ ಉಳಿಯುವ ರೂಟಿಗೆ ಹಾಕಿದ್ದರು. ಆಗ ಇದೇ ಹೆಂಡತಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಡಿಪೋಗೆ ಹೋಗಿ, ಮ್ಯಾನೇಜರ ಬಾಗಿಲ ಮುಂದೆ ನಿಂತು, "ಸಾಹೇಬ್ರೇ, ಮಗು ಮುಖ ನೋಡಿ" ಎಂದಿದ್ದಳು. ವಾರದೊಳಗೆ ರೂಟು ಬದಲಾಯಿತು. ನನಗೆ ಹೇಳಿಯೂ ಇರಲಿಲ್ಲ. ಆ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದು? ಬರಿಗೈಯಲ್ಲಿ ಹೋಗಿ ಕೇಳಬಾರದು, ನಾಳೆಯೇ ಉಂಡೆ ಕಟ್ಟಲು ಬೇಕಾದ್ದನ್ನೆಲ್ಲ ತರುತ್ತೇನೆ.

ಜನವರಿ 27, ಸೋಮವಾರ

ಡಬ್ಬಿ ತುಂಬ ಉಂಡೆ, ಇಸ್ತ್ರಿ ಮಾಡಿದ ಅಂಗಿ, ಕ್ರಾಪಿಗೆ ಎಣ್ಣೆ. ಹೆಂಡತಿ ವಾರ್ಡಿನಲ್ಲಿದ್ದ ಹೊತ್ತು ನೋಡಿಕೊಂಡು ಅವಳ ಮೇಲಿನ ದೊಡ್ಡ ನರ್ಸಮ್ಮನ ಕೋಣೆಯ ಮುಂದೆ ಹೋಗಿ ನಿಂತೆ. ಕುರ್ಚಿಗಳಿದ್ದವು. ಕೂರಲಿಲ್ಲ. ಕೂತು ಕೊಟ್ಟ ಅರ್ಜಿಗೆ ತೂಕವಿರುವುದಿಲ್ಲ, ನಿಂತವನ ಕಾಲು ನೋವು ಸಾಹೇಬರ ಮನಸ್ಸಿಗೆ ತಟ್ಟಬೇಕು. ಅಲ್ಲಿದ್ದ ಗುಮಾಸ್ತೆ ಕೂರಿ ಕೂರಿ ಎಂದು ಎಷ್ಟು ಸಲ ಹೇಳಿದಳೋ.

ಒಳಗೆ ಕರೆದರು. ಕೈಮುಗಿದೆ, ಡಬ್ಬಿ ಮೇಜಿನ ಮೇಲಿಟ್ಟೆ, ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ. ನನ್ನ ಹೆಂಡತಿಗೆ ಭಾನುವಾರ ರಜೆ ಬೇಕು, ಮಗು ಇದೆ, ನಿಮಗೆ ಪುಣ್ಯ ಬರುತ್ತದೆ.

ನರ್ಸಮ್ಮ ಉಂಡೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. "ನೀವು ಬಂದಿರೋದು ನಿಮ್ಮ ಹೆಂಡತಿಗೆ ಗೊತ್ತಾ?"

"ಗೊತ್ತಿಲ್ಲ" ಎಂದೆ ಹೆಮ್ಮೆಯಿಂದ.

"ಅವರ ರಜೆ ಯಾವತ್ತು ಇರ್ಬೇಕು ಅಂತ ಮನೇಲಿ ನೀವೇ ತೀರ್ಮಾನ ಮಾಡ್ತೀರಾ?"

ಇಂಥ ಪ್ರಶ್ನೆಗೆ ಹೌದು ಎಂದರೆ ಗೌರವ ಎಂದುಕೊಂಡು ಹೌದು ಎಂದೆ. ಅವಳು ಏನೋ ಬರೆದುಕೊಂಡಳು. ಡಬ್ಬಿಯನ್ನು ಮುಚ್ಚಿ ನನ್ನ ಕಡೆಗೇ ತಳ್ಳಿದಳು. ಅರ್ಜಿ ಸ್ವೀಕಾರವಾಗಿದೆ ಎಂದುಕೊಂಡು ಮನೆಗೆ ಬಂದೆ.

ಜನವರಿ 28, ಮಂಗಳವಾರ

ಸ್ವೀಕಾರವಾಗಿತ್ತು, ಬೇರೆ ರೀತಿಯಲ್ಲಿ.

ಹೆಂಡತಿ ಬಂದವಳು ಕೋಟು ಕೂಡ ತೆಗೆಯದೆ ನನ್ನ ಮುಂದೆ ನಿಂತಳು. "ನನ್ನನ್ನ ಒಂದು ಕೋಣೆಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ರು ರೀ. ಮನೇಲಿ ಏನಾದ್ರೂ ಭಯ ಇದೆಯಾ, ಹೊಡೀತಾರಾ ಅಂತ ಕೇಳಿದ್ರು."

"ಯಾರು ಯಾರಿಗೆ?" ಎಂದೆ.

ನಗಲಿಲ್ಲ. "ಎರಡು ವರ್ಷದಿಂದ ನನ್ನ ಕೆಲಸ ನೋಡಿ ನನಗೊಂದು ಒಳ್ಳೇ ಹೆಸರು ಕೊಟ್ಟಿದ್ರು. ಇವತ್ತಿಂದ ನಾನು ಪಾಪದ ಹೆಂಗಸು."

"ನೀನು ನನ್ನ ಡಿಪೋಗೆ ಬಂದು ನಿಂತಿದ್ದಾಗ ನಾನೇನಾದ್ರೂ ಅಂದ್ನಾ?"

"ಅಲ್ಲಿ ಅದಕ್ಕೆ ಪಾಪ ಅಂತಾರೆ, ಕೆಲಸ ಮಾಡ್ಕೊಡ್ತಾರೆ. ಇಲ್ಲಿ ಪೊಲೀಸರನ್ನ ಕರೀತಾರೆ. ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಅದಕ್ಕೇ ಕೇಳಿರಲಿಲ್ಲ. ಇಷ್ಟು ಸರಳ ವಿಷಯ ಇವಳಿಗೆ ತಿಳಿಯುವುದಿಲ್ಲ.

ಜನವರಿ 31, ಶುಕ್ರವಾರ

ಹೆಂಡತಿ ಮಾತಾಡುತ್ತಿಲ್ಲ. ಮನೆ ಈಗ ಪೂರ್ತಿ ಇಲ್ಲಿನ ಬಸ್ಸಿನ ಹಾಗಾಗಿದೆ.

ಫೆಬ್ರವರಿ 4, ಮಂಗಳವಾರ

ಆಸ್ಪತ್ರೆಯವರು ಒಬ್ಬ ಹೆಂಗಸನ್ನು ಕಳಿಸಿದ್ದರು. ಸಂಸಾರ ಸರಿಯಿದೆಯೋ ಇಲ್ಲವೋ ಎಂದು ನೋಡಿ ಹೋಗುವುದೇ ಅವಳ ಉದ್ಯೋಗವಂತೆ. ನಮ್ಮಲ್ಲಿ ಈ ಕೆಲಸವನ್ನು ಅಕ್ಕಪಕ್ಕದವರು ಪುಕ್ಕಟೆ ಮಾಡುತ್ತಾರೆ. ಕಾಫಿ ಕೊಟ್ಟೆ, ದೊಡ್ಡ ನರ್ಸಮ್ಮ ಒಲ್ಲೆನೆಂದ ಉಂಡೆಗಳಲ್ಲಿ ಉಳಿದಿದ್ದನ್ನೂ ಕೊಟ್ಟೆ. ಎರಡು ತಿಂದಳು. ಮಗಳ ಜತೆ ಆಡಿದಳು. ಹೆಂಡತಿಯ ಜತೆ ಒಳಗೆ ಮಾತಾಡಿದಳು. ಇಬ್ಬರೂ ನಕ್ಕಿದ್ದು ನನಗೆ ಕೇಳಿಸಿತು. ಯಾರ ಬಗ್ಗೆ ನಕ್ಕರೆಂದು ಊಹಿಸಲು ಪಂಚಾಂಗ ನೋಡಬೇಕಿಲ್ಲ.

ಆಮೇಲೆ ನನ್ನ ಸರದಿ. ಹೊಡೆಯುತ್ತೀಯಾ ಎಂದು ಕೇಳುತ್ತಾಳೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಿದ್ದು, "ಇಲ್ಲಿ ನಿಮಗೆ ದಿನಾ ಮಾತಾಡೋಕೆ ಯಾರಿದ್ದಾರೆ?"

ಬಸ್ಸಿನ ಪೆಟ್ಟಿಗೆ ಇದೆ, ಕುಂಯ್ ಅನ್ನುತ್ತದೆ ಎಂದೆ. ಅವಳು ನಗಲಿಲ್ಲ. ನಾನು ಎದ್ದು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ನನ್ನನ್ನು ಈವರೆಗೆ ಯಾರೂ ಹೀಗೆ ಕೇಳಿರಲಿಲ್ಲ. ಕೇಳಿದ್ದು ಅಧಿಕಪ್ರಸಂಗ.

ಹೆಂಡತಿ ಇವತ್ತು ಮಾತಾಡಿದಳು. ಮನೆಯಲ್ಲಿ ಉಪ್ಪು ಮುಗಿದಿದೆಯಂತೆ.

ಫೆಬ್ರವರಿ 13, ಗುರುವಾರ

ಇವತ್ತು ಬಸ್ಸಿನಲ್ಲಿ ನನ್ನಿಂದ ಒಂದು ಕೆಲಸವಾಯಿತು.

ಕೆಳಮನೆ ಮುದುಕ ಮುಂದಿನ ಸೀಟಿನಲ್ಲಿದ್ದ. ಕಣ್ಣಿನ ಡಾಕ್ಟರ ಬಳಿ ಹೋಗುವುದು, ಔಷಧಿ ಬಿಟ್ಟುಕೊಂಡು ಬರುವುದು, ಅವನಿಗೆ ವಾರವಾರದ ಪಾಡು. ಬಸ್ಸಿನ ಬಿಸಿಗೆ ತೂಕಡಿಸುತ್ತಿದ್ದ. ಡಾಕ್ಟರ ಸ್ಟಾಪು ಬಂತು. ಕಾಣದ ಹೆಂಗಸು ಹೆಸರು ಹೇಳಿದಳು, ಬಾಗಿಲು ತೆರೆದು ಮುಚ್ಚಿತು, ಮುದುಕ ಏಳಲಿಲ್ಲ. ಬಸ್ಸು ಹೊರಟಿತು. ನೋಡಿದವರು ಹತ್ತು ಜನರಾದರೂ ಇದ್ದರು. ಎಲ್ಲರೂ ಅದು ಅವನ ಸ್ವಂತ ವಿಷಯವೆಂಬಂತೆ ಕಿಟಕಿಯ ಕಡೆ ತಿರುಗಿದರು.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಹೋಲ್ಡಾನ್!" ಎಂದು ಕೂಗಿತು. ಮೂರು ಬಸ್ಸಿಗೆ ಸಾಕಾಗುವ ಕೂಗು. ಡ್ರೈವರ್ ಗಕ್ಕನೆ ನಿಲ್ಲಿಸಿದ. ಮುದುಕನ ತೋಳು ಹಿಡಿದು ಇಳಿಸಿ, ಡಾಕ್ಟರ ಬಾಗಿಲವರೆಗೆ ಬಿಟ್ಟು ಬಂದೆ. ಇಳಿಯುವಾಗ ಡ್ರೈವರ್ ನನಗೆ ಬಸ್ಸಿನಲ್ಲಿ ಕೂಗಬಾರದೆಂದು ನಿಧಾನವಾಗಿ ತಿಳಿಹೇಳಿದ. ಹದಿನಾರು ವರ್ಷ ಸಂಬಳ ತೆಗೆದುಕೊಂಡು ಮಾಡಿದ ಕೆಲಸವನ್ನು ಇಲ್ಲಿ ಅಪರಾಧವೆಂದು ಬೋಧಿಸಿಕೊಳ್ಳುವ ಯೋಗ.

ಫೆಬ್ರವರಿ 20, ಗುರುವಾರ

ಮುದುಕನಿಂದ ತಲೆನೋವು ಶುರುವಾಗಿದೆ. ಇವತ್ತು ಡಾಕ್ಟರ ದಿನವಲ್ಲವೆ, ಟೋಪಿ ಹಾಕಿಕೊಂಡು ಮೆಟ್ಟಿಲ ಕೆಳಗೆ ನನಗಾಗಿ ಕಾಯುತ್ತಿದ್ದ. ಕರೆಯಲಿಲ್ಲ, ಹೇಳಲಿಲ್ಲ, ಸುಮ್ಮನೆ ನಿಂತಿದ್ದ. ಅಲ್ಲಿಯವರೆಗೂ ಹೋಗಿ, ಅವನ ಜತೆ ಕೂತು, ವಾಪಸು ಕರೆತಂದೆ. ದಾರಿಯುದ್ದಕ್ಕೂ ಆದ ಮಾತು ಇಷ್ಟೇ: ಚಳಿ ಇಳಿದಿದೆ ಎಂದು ನಾನಂದೆ, ಹೌದು ಇಳಿದಿದೆ ಎಂದು ಅವನಂದ. ಸಾಕಲ್ಲ, ಅದಕ್ಕಿಂತ ಹೆಚ್ಚೇನು ಮಾತು ಬೇಕು?

ನಾಲ್ಕು ರಸ್ತೆಯಲ್ಲಿ ಇಬ್ಬರು ಪಡ್ಡೆ ಹುಡುಗರು ಕೆಂಪು ದೀಪವಿದ್ದಾಗಲೇ ದಾಟಿಕೊಂಡು ಹೋದರು. ನಾನೂ ಮುದುಕನೂ ಒಟ್ಟಿಗೆ ತಲೆ ಕೊಡವಿದೆವು. ತಂದೆತಾಯಿ ಏನು ಕಲಿಸುತ್ತಾರೋ.

ಫೆಬ್ರವರಿ 22, ಶನಿವಾರ

ನನ್ನ ಜತೆ ಹನ್ನೊಂದು ವರ್ಷ ಒಂದೇ ಬಸ್ಸು ಓಡಿಸಿದ ಡ್ರೈವರ್ ಫೋನು ಮಾಡಿದ್ದ. ಏಪ್ರಿಲ್‌ನಿಂದ ಮತ್ತೆ ನಮ್ಮಿಬ್ಬರನ್ನೂ ಒಂದೇ ಗಾಡಿಗೆ ಹಾಕಿಸುತ್ತಾನಂತೆ. ಖುಷಿಯಲ್ಲಿ ಅವನು ಕಿರುಚುವುದಕ್ಕೆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯಬೇಕಾಯಿತು.

"ಸ್ವಲ್ಪ ಮೆಲ್ಲಗೆ ಮಾತಾಡಯ್ಯಾ, ಕೆಳಗೆ ವಯಸ್ಸಾದವರಿದ್ದಾರೆ" ಎಂದೆ.

"ನಿನ್ನೆ ಸ್ಟಾಂಡಲ್ಲಿ ಸೀಟಿಗೆ ಟವೆಲ್ ಹಾಕೋ ವಿಷಯಕ್ಕೆ ಇಬ್ರು ಹೊಡೆದಾಡ್ಕೊಂಡ್ರು ಗುರುವೇ, ನೀನಿರ್ಬೇಕಿತ್ತು" ಎಂದ.

"ಅದೇನು ಜನಾನೋ. ಸಾಲಲ್ಲಿ ನಿಂತ್ರೆ ಮುಗೀತಪ್ಪ. ನಮ್ಮಲ್ಲಿ ಹಂಗೆಲ್ಲ ಮಾಡೋದೇ ಇಲ್ಲ."

"ಯಾವ ನಿಮ್ಮಲ್ಲಿ?" ಎಂದ. ಲೈನು ಸರಿ ಇರಲಿಲ್ಲ, ಇಟ್ಟುಬಿಟ್ಟೆ.

ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು. ಅವಳ ವಾರ್ಡಿನಲ್ಲಿ ಒಂದು ಪರ್ಮನೆಂಟ್ ಜಾಗ ಖಾಲಿಯಾಗಿದೆ, ಅವಳನ್ನೇ ಕೇಳಿದ್ದಾರೆ. ಭಾನುವಾರ ರಜೆ. ಮಾರ್ಚ್ ಏಳರೊಳಗೆ ಹೇಳಬೇಕು. ಒಪ್ಪಿದರೆ ಇಲ್ಲೇ ಉಳಿಯುವುದು, ಬೇಡವೆಂದರೆ ಮೂವರೂ ಊರಿಗೆ.

"ನನ್ನ ಉಂಡೆ ಕೆಲಸ ಮಾಡಿದೆ ನೋಡು" ಎಂದೆ.

ಮಗಳು ತಟ್ಟೆ ನೋಡುತ್ತಿದ್ದಳು. ಹೆಂಡತಿ ಅನ್ನ ಬಡಿಸಿದಳು.

ಮಾರ್ಚ್ 6, ಗುರುವಾರ

ಬೆಳಗ್ಗೆ ಹೆಂಡತಿ ಕೆಲಸಕ್ಕೆ ಹೊರಟು ನಿಂತು, "ನಾಳೆ ಹೇಳ್ಬೇಕು ರೀ. ನಿಮ್ಮ ಮನಸ್ಸಲ್ಲಿ ಏನಿದೆ? ಇದೊಂದು ಸಲ ನೇರವಾಗಿ ಹೇಳಿಬಿಡಿ" ಎಂದಳು.

ನೇರವಾಗಿ ಕೇಳಿದರೆ ನನಗೆ ಕಾಲು ಕಟ್ಟಿದ ಹಾಗಾಗುತ್ತದೆ. ಹೇಳಿದೆ: "ಇನ್ನೊಂದು ವರ್ಷ ಇಲ್ಲಿದ್ರೆ ನಾನು ಕಿಟಕಿ ಪಕ್ಕದ ಹೂಕುಂಡ ಆಗ್ತೀನಿ. ಡ್ಯೂಟಿಗೆ ಹೋಗೋವಾಗ ಎರಡು ಚೊಂಬು ನೀರು ಹಾಕಿ ಹೋಗು, ಅಷ್ಟು ಸಾಕು."

ಮಾತು ಚೆನ್ನಾಗಿ ಬಂದಿತ್ತು. ಹೆಂಡತಿ ಚೀಲ ಹೆಗಲಿಗೇರಿಸಿ ಹೋದಳು. ಮಗಳೂ ನಗಲಿಲ್ಲ. ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ನಗುವುದನ್ನೂ ಮರೆಸುತ್ತಾರೆಂದು ಕಾಣುತ್ತದೆ.

ಮಾರ್ಚ್ 7, ಶುಕ್ರವಾರ

ಬೇಡವೆಂದು ಹೇಳಿ ಬಂದಿದ್ದಾಳೆ.

"ದೊಡ್ಡ ನರ್ಸಮ್ಮ ಕೇಳಿದ್ರು, ಇದು ನಿಮ್ಮ ತೀರ್ಮಾನವಾ, ನಿಮ್ಮ ಗಂಡನದ್ದಾ ಅಂತ. ನಂದೇ ಅಂದೆ. ನಿಮ್ಮ ಹೆಸರು ಎತ್ತಲಿಲ್ಲ. ನೀವು ಏಪ್ರಿಲ್ ಒಂದಕ್ಕೆ ಡಿಪೋದಲ್ಲಿರಿ" ಎಂದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಉತ್ತರ ಗೊತ್ತಿತ್ತು.

ಮಗಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗೆದ್ದೆ.

ಮಾರ್ಚ್ 8, ಶನಿವಾರ

ಚಳಿಗಾಲ ಮುಗಿಯುತ್ತಿರುವುದರಿಂದ ಅಂಗಡಿಗಳಲ್ಲಿ ಕೋಟುಗಳ ಬೆಲೆ ಇಳಿಸಿದ್ದಾರೆ. ಹೀಗೆ ಇಳಿಸುವ ಕಾಲ ಕಾದು ಕೊಳ್ಳುವುದೇ ಜಾಣತನ, ಡಿಸೆಂಬರ್‌ನಲ್ಲಿ ಕೊಳ್ಳುವವರು ಪೆದ್ದರು. ಮಗಳನ್ನು ಕರೆದುಕೊಂಡು ಹೋದೆ. ಅವಳ ಕೋಟಿನ ತೋಳು ಮಣಿಕಟ್ಟಿನಿಂದ ಮೇಲೆ ಬಂದುಬಿಟ್ಟಿದೆ. ನೀಲಿ ಬಣ್ಣದ್ದೊಂದು ಹಿಡಿಸಿತು. ಒಳಗೆ ಮೆತ್ತನೆಯ ಬಟ್ಟೆ, ಎರಡು ಆಳವಾದ ಜೇಬು. ಅಂಗಡಿಯ ಹುಡುಗಿ ಅಳತೆಗೆ ಸರಿಯಾದ್ದನ್ನು ತಂದಳು. ನಾನು ಒಂದು ಸೈಜು ದೊಡ್ಡದು ಕೇಳಿದೆ. ತೊಡಿಸಿ ನೋಡಿದರೆ ಕೈ ಪೂರ್ತಿ ಮುಚ್ಚಿಹೋಯಿತು.

"ಮಗುಗೆ ಇದು ದೊಡ್ಡದಾಗುತ್ತೆ" ಎಂದಳು ಹುಡುಗಿ.

"ಈಗ ಯಾರು ಹಾಕ್ತಾರೆ? ಬರೋ ಚಳಿಗೆ ಸರಿಹೋಗುತ್ತೆ. ಅದರ ಮುಂದಿನ ವರ್ಷಕ್ಕೂ ಬರ್ಬೇಕು. ಈ ಊರಿನ ಚಳಿ ನನಗೆ ಗೊತ್ತಿಲ್ವಾ?" ಎಂದೆ. ಆ ಭಾಷೆಯಲ್ಲಿ ಇಷ್ಟುದ್ದ ಮಾತನ್ನು ತಡವರಿಸದೆ ಆಡಿದ್ದು ಇದೇ ಮೊದಲು.

ಮಗಳು ಕೋಟಿನೊಳಗಿಂದ ಮುಖವೆತ್ತಿ ನನ್ನನ್ನು ನೋಡಿದಳು. "ಅಪ್ಪಾ, ಬರೋ ಚಳಿಗೆ ನಾವು ಇಲ್ಲಿರಲ್ವಲ್ಲ."

ಅಂಗಡಿಯ ಹುಡುಗಿ ಕಾಯುತ್ತಿದ್ದಳು. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಕೋಟು ಕೊಂಡೆ. ಯಾಕೆ ಕೊಂಡೆನೆಂದು ಈಗಲೂ ಗೊತ್ತಿಲ್ಲ. ಊರಿನಲ್ಲಿ ಅದನ್ನು ತೊಡಿಸಿದರೆ ಮಗು ಬೆಂದುಹೋಗುತ್ತದೆ.

ಮಾರ್ಚ್ 9, ಭಾನುವಾರ

ಹೆಂಡತಿ ಬೆಳಗಿನ ಡ್ಯೂಟಿ ಮುಗಿಸಿ ಬಂದು ಯೂನಿಫಾರಮ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಹೋಗಿ ನಿಂತೆ.

"ಕೋಟು ವಾಪಸ್ ತಗೊಳಲ್ವಂತೆ. ಕೋಟಿಗೋಸ್ಕರ ಆದ್ರೂ ಇಲ್ಲಿ ಇದ್ದುಬಿಡೋಣ್ವಾ?"

ಇಸ್ತ್ರಿ ನಿಲ್ಲಿಸದೆ, "ತಮಾಷೆನಾ, ನಿಜಾನಾ?" ಎಂದಳು.

"ಅರ್ಧರ್ಧ."

"ಅರ್ಧ ಟಿಕೆಟ್ ಮಕ್ಕಳಿಗೆ ಮಾತ್ರ. ನೀವು ಪೂರ್ತಿ ಕೊಡಿ."

ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾ ನಿಂತಳು. ಹೇಳಿದೆ. ನನಗೆ ಹೋಗಲು ಮನಸ್ಸಿಲ್ಲ ಎಂದೆ. ಯಾವಾಗಿನಿಂದ ಇಲ್ಲವೋ ಗೊತ್ತಿಲ್ಲ ಎಂದೆ. ಮಗಳಿಗೆ ಸ್ನೇಹಿತರಿದ್ದಾರೆ, ಮುದುಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಬೇರೆ ಯಾರೂ ಇಲ್ಲ, ನೀನು ವಾರ್ಡಿನಲ್ಲಿ ನಡೆಯುವುದನ್ನು ಆವತ್ತು ಉಂಡೆ ಡಬ್ಬಿ ಹಿಡಿದು ಬಂದಾಗ ದೂರದಿಂದ ನೋಡಿದೆ, ನಮ್ಮೂರಿನಲ್ಲಿ ನೀನು ಹಾಗೆ ತಲೆಯೆತ್ತಿ ನಡೆದದ್ದು ನಾನು ನೋಡಿರಲಿಲ್ಲ ಎಂದೆ. ಇಷ್ಟು ಹೇಳುವಷ್ಟರಲ್ಲಿ ಬೆವರಿದ್ದೆ.

"ಗುರುವಾರ ಇದನ್ನ ಹೇಳೋಕೆ ಏನಾಗಿತ್ತು ನಿಮಗೆ?"

"ತಮಾಷೆ ಮಾಡಿದೆ."

"ನೀವು ಒಂದು ವರ್ಷದಿಂದ ದಿನಾ ಬೈದಿದ್ದನ್ನ ನಾನು ನಿಜ ಅಂದ್ಕೊಂಡೆ ರೀ. ಇನ್ನೆಷ್ಟು ದಿನ ಇವರಿಗೆ ಹಿಂಸೆ ಕೊಡ್ಲಿ ಅಂತ ಬೇಡ ಅಂದ್ಬಂದೆ" ಎಂದಳು. ಯೂನಿಫಾರಮ್ಮನ್ನು ಮಡಿಚಿ, ಮತ್ತೆ ಬಿಡಿಸಿ, ಮತ್ತೆ ಮಡಿಚಿದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮಾರ್ಚ್ 10, ಸೋಮವಾರ

ಆ ಜಾಗ ಇನ್ನೂ ಇದೆಯೇ ಎಂದು ಕೇಳಿ ಬರಲು ಹೊರಟಳು. "ನಾನೂ ಬಂದು ಒಂದು ಮಾತು ಹೇಳ್ಲಾ?" ಎಂದೆ.

"ನೀವು ಮನೇಲಿರಿ. ದೊಡ್ಡ ಉಪಕಾರ ಆಗುತ್ತೆ."

ಇದ್ದೆ. ಒಲೆ ಉಜ್ಜಿದೆ. ಒಲೆ ಹೊಳೆಯುತ್ತಿದ್ದರೂ ಮತ್ತೆ ಉಜ್ಜಿದೆ. ಸಾಹೇಬರ ಮುಂದೆ ಹೋಗಿ ಕೈಮುಗಿದು ನಿಲ್ಲುವುದೊಂದೇ ನನಗೆ ಗೊತ್ತಿರುವ ದಾರಿ, ಅದನ್ನು ನಾನೇ ಮುಚ್ಚಿಕೊಂಡು ಕೂತಿದ್ದೇನೆ. ನನ್ನ ಹೆಂಡತಿ ನನ್ನ ಮಾತು ಕೇಳಿ ಕೆಟ್ಟಳು, ಅವಳದು ತಪ್ಪಿಲ್ಲ ಎಂದು ಆ ನರ್ಸಮ್ಮನಿಗೆ ಹೇಳಬೇಕೆನ್ನಿಸುತ್ತಿತ್ತು. ಹೇಳಿದರೆ ಅವಳು ಮೊದಲೇ ಬರೆದುಕೊಂಡದ್ದಕ್ಕೆ ನಾನೇ ರುಜು ಹಾಕಿದಂತಾಗುತ್ತಿತ್ತು.

ಸಂಜೆ ಬಂದಳು. ಬೂಟು ಬಿಚ್ಚುತ್ತಾ, ತಲೆಯೆತ್ತದೆ ಹೇಳಿದಳು.

"ಆ ಜಾಗ ಶುಕ್ರವಾರ ಸಂಜೆನೇ ಇನ್ನೊಬ್ಬಳಿಗೆ ಕೊಟ್ಟಾಯ್ತಂತೆ. ಈಗಿರೋದು ವಯಸ್ಸಾದವರ ವಾರ್ಡು. ರಾತ್ರಿ ಪಾಳಿ, ಭಾನುವಾರ ರಜೆ ಇಲ್ಲ. ಒಂದು ವರ್ಷ ಟೆಂಪರರಿ, ಆಮೇಲೆ ಏನೋ ಅವರಿಗೂ ಗೊತ್ತಿಲ್ಲ."

ಒಂದು ಬೂಟು ಕೈಯಲ್ಲೇ ಇತ್ತು.

"ಇದನ್ನ ನಂಬ್ಕೊಂಡು ನೀವು ಪರ್ಮನೆಂಟ್ ಕೆಲಸ ಬಿಡ್ಬೇಕು. ಏಪ್ರಿಲ್ ಒಂದು ದಾಟಿದ್ರೆ ವಾಪಸ್ ಸಿಗಲ್ಲ. ನಾಳೆ ಬೆಳಗ್ಗೆ ನಾನು ಹೇಳ್ಬೇಕು. ಏನು ಹೇಳ್ಲಿ?"

ಬಾಯಿಗೆ ನಾಲ್ಕಾರು ಮಾತು ಬಂದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು, ಬರೆದಿಟ್ಟುಕೊಳ್ಳುವಂಥವು. ಹದಿನಾರು ವರ್ಷದ ನೌಕರಿ, ಖಾಕಿ ಅಂಗಿ, ಊರಿನವರೆಲ್ಲ ಕೂಗಿ ಕರೆಯುವುದು, ಎಲ್ಲ ಒಂದು ಸಲ ಕಣ್ಣ ಮುಂದೆ ಬಂತು.

"ಇರೋಣ" ಎಂದೆ.

ಅವಳು ಮುಂದಿನ ಮಾತಿಗೆ ಕಾದಳು.

"ಅಷ್ಟೇನಾ?"

"ಅಷ್ಟೇ."

ಅವಳು ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲ ಬಳಿ ನೆಲದ ಮೇಲೆ ಕೂತು ಅತ್ತಳು. ಏನು ಮಾಡಬೇಕೆಂದು ತಿಳಿಯದೆ ನಾನೂ ಪಕ್ಕದಲ್ಲಿ ಕೂತೆ.